"ಸರ್, ಅವರು ಏನು ಕಂಡುಹಿಡಿದರು?" – ಒಂಬತ್ತನೇ ಕ್ಲಾಸಿಗೆ ಏನು ಉತ್ತರ ಹೇಳಲಿ?

ನಂಜನಗೂಡು_ಮೇಷ್ಟ್ರು · ಭಾನುವಾರ ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಪ್ರತಿ ವರ್ಷ ಸಿ.ವಿ. ರಾಮನ್ ಫೋಟೊಗೆ ಹಾರ ಹಾಕಿ, ಅದೇ ಭಾಷಣ ಮಾಡಿ, ಅದೇ ಚಿತ್ರಾನ್ನ ಹಂಚಿ ಮನೆಗೆ ಕಳಿಸುತ್ತೇವೆ. ಈ ಸಲ ನಮ್ಮೂರಿನವರ ಬಗ್ಗೆಯೇ ಹೇಳೋಣ ಅಂತ ಬಿ.ವಿ. ಶ್ರೀಕಂಠನ್ ಅವರನ್ನು ಆರಿಸಿಕೊಂಡೆ.

ಮೊನ್ನೆ ಕ್ಲಾಸಿನಲ್ಲಿ ಸುಮ್ನೆ ಪೀಠಿಕೆ ಹಾಕಿದೆ. 1925ರಲ್ಲಿ ಹುಟ್ಟಿದ್ದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು, 1948ರಲ್ಲಿ ಬಾಂಬೆಗೆ ಹೋಗಿ ಹೋಮಿ ಭಾಭಾ ಅವರ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಸೇರಿದ್ದು, 1975ರಿಂದ 1987ರ ತನಕ ಅದಕ್ಕೇ ನಿರ್ದೇಶಕರಾಗಿದ್ದು, ಪದ್ಮಭೂಷಣ ಬಂದಿದ್ದು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಅವರು ಏನು ಕಂಡುಹಿಡಿದರು?"

ನಾನು "ಕಾಸ್ಮಿಕ್ ಕಿರಣ" ಅಂದೆ. "ಅದನ್ನ ಇವರೇ ಕಂಡುಹಿಡಿದ್ರಾ ಸರ್?" ಇಲ್ಲ. "ಮತ್ತೆ?" ಅಷ್ಟರಲ್ಲಿ ಬೆಲ್ ಹೊಡೆಯಿತು, ಮರ್ಯಾದೆ ಉಳಿಯಿತು.

ರಾಮನ್ ಅಂದರೆ ರಾಮನ್ ಪರಿಣಾಮ ಅಂತ ಮಕ್ಕಳಿಗೆ ಬಾಯಿಪಾಠ. ಇವರಿಗೆ ಹಾಗೆ ಒಂದೇ ಸಾಲಿನಲ್ಲಿ ಏನು ಹೇಳಬೇಕು? ತಿಳಿದವರು ಹೇಳಿ.

ಸುಮ್ನೆ_ಓದುಗ · 8:16

ನಂಜನಗೂಡು ಅಂದರೆ ಹಲ್ಲುಪುಡಿ, ರಸಬಾಳೆ ಎರಡೇ ಅಂದುಕೊಂಡಿದ್ದೆ. ವಿಜ್ಞಾನಿ ಬೇರೆ ಇದ್ದಾರಾ!

ಲೆಕ್ಕದ_ಮೇಡಂ · 8:21

ಹೆಸರಲ್ಲೇ ಊರು ಇದೆಯಲ್ಲ. ಶ್ರೀಕಂಠ. ಮುಂದಿನ 'ಬಿ' ಅಂದರೆ ಬದನವಾಳು, ಖಾದಿ ನೂಲುವ ಊರು. ಮೇಷ್ಟ್ರೇ, ಒಳ್ಳೆ ಆಯ್ಕೆ ಮಾಡಿದ್ದೀರಿ. ಹುಡುಗಿಯ ಪ್ರಶ್ನೆ ಅದಕ್ಕಿಂತ ಒಳ್ಳೆಯದು.

ರೇಡಿಯೋ_ರಾಘು · 8:34

ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಸಾರ್? ಬರೆದುಕೊಳ್ಳಿ: "1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಪ್ರಪಂಚದಲ್ಲೇ ಮೊದಲ ಬಾರಿಗೆ ನ್ಯೂಟ್ರಿನೊ ಕಂಡುಹಿಡಿದರು." ಒಂದೇ ಸಾಲು. ಮುಗೀತು.

ಜಿನೀವಾ_ಕನ್ನಡತಿ · 8:52

ರಾಘು ಸರ್, ಆ ಸಾಲಿನಲ್ಲಿ ಮೂರು ತಪ್ಪು ಇದೆ, ಬೇಜಾರು ಮಾಡ್ಕೋಬೇಡಿ.

ಮೊದಲನೇದು, ನ್ಯೂಟ್ರಿನೊ (ಯಾವುದಕ್ಕೂ ತಗುಲದೆ ತೂರಿ ಹೋಗುವ ಸಣ್ಣ ಕಣ) ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದಲ್ಲಿ, ಪರಮಾಣು ರಿಯಾಕ್ಟರ್ ಪಕ್ಕ. ಹಿಡಿದವರು ರೈನ್ಸ್ ಮತ್ತು ಕೋವನ್. ಕೋಲಾರದಲ್ಲಿ ಸಿಕ್ಕಿದ್ದು ವಾತಾವರಣದ ನ್ಯೂಟ್ರಿನೊ. ಕಾಸ್ಮಿಕ್ ಕಿರಣ ನಮ್ಮ ಗಾಳಿಗೆ ಬಡಿದಾಗ ಹುಟ್ಟುವಂಥದ್ದು. ಅದು ಬೇರೆ ಸಂಗತಿ, ಅದೂ ದೊಡ್ಡದೇ.

ಎರಡನೇದು, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಅದೇ ಸಿಕ್ಕಿತು. ಅಲ್ಲಿ ಕೂತಿದ್ದವರೂ ಅದೇ ರೈನ್ಸ್!

ಮೂರನೇದು, "ಕಂಡುಹಿಡಿದರು" ಅಂತ ಒಬ್ಬರ ತಲೆಗೆ ಕಟ್ಟೋಕೆ ಆಗಲ್ಲ. ಅದನ್ನು ಪ್ರಕಟಿಸಿದ ಸಂಶೋಧನಾ ಪೇಪರಿನಲ್ಲಿ 11 ಹೆಸರಿವೆ. ಟಿಐಎಫ್‌ಆರ್‌ನ ಆಚಾರ್, ಮೆನನ್, ನರಸಿಂಹನ್, ರಮಣಮೂರ್ತಿ, ಶ್ರೀಕಂಠನ್. ಜಪಾನಿನ ಒಸಾಕಾದಿಂದ ಇಬ್ಬರು. ಇಂಗ್ಲೆಂಡಿನ ಡರ್ಹಮ್‌ನಿಂದ ನಾಲ್ವರು.

ರೇಡಿಯೋ_ರಾಘು · 9:03

ಮೇಡಂ, ಆಫ್ರಿಕಾದವರು ಆಮೇಲೆ ತಾನೇ ಪ್ರಕಟಿಸಿದ್ದು? ನಮ್ಮವರ ಪೇಪರ್ ಬಂದಿದ್ದು 1965ರ ಆಗಸ್ಟ್ 15ಕ್ಕೆ. ಸ್ವಾತಂತ್ರ್ಯ ದಿನ! ಅವರದ್ದು ಆಗಸ್ಟ್ 30ಕ್ಕೆ. ಯಾರು ಮೊದಲು, ನೀವೇ ಹೇಳಿ.

ಜಿನೀವಾ_ಕನ್ನಡತಿ · 9:09

ಪ್ರಕಟಣೆಯಲ್ಲಿ ನಾವು ಮೊದಲು, ನಿಜ. ಪತ್ರಿಕೆಗೆ ತಲುಪಿದ್ದೂ ನಮ್ಮದು ಜುಲೈ 12ಕ್ಕೆ, ಅವರದ್ದು ಜುಲೈ 26ಕ್ಕೆ. ಆದರೆ ಅವರ ಯಂತ್ರ ಮೊದಲನೇ ನ್ಯೂಟ್ರಿನೊ ನೋಡಿದ್ದು ಫೆಬ್ರವರಿ 23ಕ್ಕೆ. ನಮ್ಮ ಮೊದಲನೇದು ಅದಾದ ಮೇಲೆ. ಅವರು ಮೊದಲು ಕಂಡರು, ಇವರು ಮೊದಲು ಹೇಳಿದರು.

ಕಟ್ಟೆ_ಪುರಾಣ · 9:11

ಅಂದ್ರೆ ಮ್ಯಾಚ್ ಡ್ರಾ.

ರೇಡಿಯೋ_ರಾಘು · 9:14

ಡ್ರಾ ಅಲ್ಲ, ಫಸ್ಟ್ ಇನ್ನಿಂಗ್ಸ್ ಲೀಡ್ ನಮ್ಮದು.

ದಡ್ಡ_ಪ್ರಶ್ನೆ · 9:20

ನನ್ನದೊಂದು ದಡ್ಡ ಪ್ರಶ್ನೆ. ಕಾಸ್ಮಿಕ್ ಕಿರಣ ಆಕಾಶದಿಂದ ಬರುತ್ತೆ ಅಂತೀರಿ. ಅದನ್ನ ನೋಡೋಕೆ ಪಾತಾಳಕ್ಕೆ ಯಾಕೆ ಇಳಿದ್ರು? ನಂದಿ ಬೆಟ್ಟ ಹತ್ತಬೇಕಿತ್ತಲ್ವಾ?

ಜಿನೀವಾ_ಕನ್ನಡತಿ · 9:47

ದಡ್ಡ ಪ್ರಶ್ನೆ ಅಲ್ಲ, ಇದೇ ಅಸಲಿ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಮೇಷ್ಟ್ರಿಗೂ ಉಪಯೋಗ ಆಗಬಹುದು.

ಕಾಸ್ಮಿಕ್ ಕಿರಣ ಅಂದರೆ ಹೆಚ್ಚಾಗಿ ಪ್ರೊಟಾನ್‌ಗಳು. ಬಾಹ್ಯಾಕಾಶದಿಂದ ಬಂದು ಮೇಲಿನ ಗಾಳಿಗೆ ಬಡಿಯುತ್ತವೆ. ಆಗ ಬೇರೆ ಬೇರೆ ಕಣಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ನೆಲದ ಮಟ್ಟದಲ್ಲಿ ಜಾಸ್ತಿ ಸಿಗೋದು ಮ್ಯೂಯಾನ್, ಎಲೆಕ್ಟ್ರಾನಿನ ಥರದ್ದೇ ಆದರೆ ಅದಕ್ಕಿಂತ ಭಾರದ ಕಣ. ಈಗ ಅಂಗೈ ಚಾಚಿ. ಸೆಕೆಂಡಿಗೆ ಒಂದೆರಡು ಮ್ಯೂಯಾನ್ ಅದನ್ನು ತೂರಿಕೊಂಡು ಹೋಗುತ್ತಿವೆ. ನಿಮಗೆ ಗೊತ್ತೂ ಆಗಲ್ಲ.

ಅದರ ಜೊತೆಗೇ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಇವಕ್ಕೆ ಇಡೀ ಭೂಮಿಯೇ ಗಾಜಿದ್ದ ಹಾಗೆ, ಆ ಕಡೆ ಹೊಕ್ಕು ಈ ಕಡೆ ಹೊರಟುಬಿಡುತ್ತವೆ. ಕೋಟಿಗಟ್ಟಲೆಯಲ್ಲಿ ಯಾವುದೋ ಒಂದು ಬಂಡೆಗೆ ಬಡಿದು ಒಂದು ಮ್ಯೂಯಾನ್ ಹುಟ್ಟಿಸುತ್ತೆ. ನಮಗೆ ಬೇಕಾಗಿರೋದು ಆ ಒಂದು. ಆದರೆ ಮೇಲಿನಿಂದ ಬರುವ ಮಾಮೂಲಿ ಮ್ಯೂಯಾನ್‌ಗಳ ಗಲಾಟೆಯಲ್ಲಿ ಅದನ್ನು ಗುರುತು ಹಿಡಿಯೋದು ಹೇಗೆ? ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಅದಕ್ಕೇ ಬಂಡೆಯ ಕೆಳಗೆ ಹೋಗೋದು. 2.3 ಕಿಲೋಮೀಟರ್ ಬಂಡೆ ತಲೆ ಮೇಲಿದ್ದರೆ ಮಾಮೂಲಿ ಮ್ಯೂಯಾನ್‌ಗಳು ಬಹುಪಾಲು ದಾರಿಯಲ್ಲೇ ಸುಸ್ತಾಗಿ ನಿಂತುಬಿಡುತ್ತವೆ.

ಇನ್ನೊಂದು ಉಪಾಯ ಮಾಡಿದರು. ಯಂತ್ರವನ್ನು ಗೋಡೆ ಥರ ನಿಲ್ಲಿಸಿದರು, ಪಕ್ಕದಿಂದ ಬಂದಿದ್ದನ್ನು ನೋಡೋಕೆ. ನೀವು ಜಗಲಿ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಮಳೆ ಮೇಲಿಂದ ಸುರಿಯುತ್ತಿದೆ, ಸೂರು ತಡೆಯುತ್ತಿದೆ. ಗಾಳಿಯೇ ಇಲ್ಲ, ಎರಚಲೂ ಇಲ್ಲ. ಆದರೂ ಅಂಗಿಯ ಪಕ್ಕ ಒದ್ದೆ ಆಯ್ತು. ಅದು ಮಳೆ ನೀರಲ್ಲ, ಬೇರೆ ಎಲ್ಲಿಂದಲೋ ಬಂದಿದ್ದು ಅಂತ ಗೊತ್ತಾಗುತ್ತಲ್ವಾ? ಹಾಗೇ ಅಡ್ಡಡ್ಡ ಬಂದ ಮ್ಯೂಯಾನ್ ಮೇಲಿನಿಂದ ಬಂದಿರೋಕೆ ಸಾಧ್ಯ ಇಲ್ಲ. ಅಡ್ಡಕ್ಕೆ ಬರಬೇಕಾದರೆ ಇನ್ನೂ ಎಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು. ಹಾಗಾದರೆ ಅದು ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊದಿಂದ ಹುಟ್ಟಿದ್ದು.

ದಡ್ಡ_ಪ್ರಶ್ನೆ · 9:55

ಜಗಲಿ ಕಥೆ ಸೂಪರ್. ಪಿಯುಸಿಯಲ್ಲಿ ಯಾರಾದ್ರೂ ಹಿಂಗೆ ಹೇಳಿದ್ರೆ ನಾನು ಕಾಮರ್ಸ್‌ಗೆ ಹೋಗ್ತಿರಲಿಲ್ಲ.

ಚಾಂಪಿಯನ್‌ರೀಫ್_ಹುಡುಗ · 10:31

ನಾನು ಕೆಜಿಎಫ್‌ನವನು, ಹುಡುಗ ಅಂತ ಹೆಸರಿಟ್ಟುಕೊಂಡಿದ್ದೀನಿ, ವಯಸ್ಸು 58. ನಮ್ಮಪ್ಪ, ತಾತ ಇಬ್ಬರೂ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. ಅಪ್ಪ ಕೇಜಿನಲ್ಲಿ ಜನ, ಸಾಮಾನು ಇಳಿಸುವ ಕೆಲಸ. ಹೀತ್‌ಕೋಟ್ ಶಾಫ್ಟ್ ಅಂತ ಗಣಿಗೆ ಇಳಿಯೋ ಬಾವಿ ಇತ್ತು, ನೀವು ಹೇಳ್ತಿರೋ ನ್ಯೂಟ್ರಿನೊ ಯಂತ್ರ ಇದ್ದಿದ್ದು ಆ ಕಡೆಗೇ.

ಗಣಿ ಒಟ್ಟು 3 ಕಿಲೋಮೀಟರಿಗೂ ಜಾಸ್ತಿ ಆಳ. ಕೆಳಗೆ ಹೋದ ಹಾಗೆ ಬಂಡೆ ಬಿಸಿ. ಕೈ ಇಟ್ಟರೆ ಒಲೆ ಆರಿಸಿದ ಮೇಲಿನ ಕಾವಲಿ ಥರ ಅಂತಿದ್ದರು ಅಪ್ಪ. ಆಗಾಗ ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ಮೇಲೆ ಮನೆಯಲ್ಲಿ ಪಾತ್ರೆ ಅಲ್ಲಾಡಿದರೆ ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೀದಿಯ ಎಲ್ಲಾ ಹೆಂಗಸರೂ ಹಂಗೇ ಬಂದು ನಿಲ್ಲೋರು. ಯಾರೂ ಮಾತಾಡ್ತಿರಲಿಲ್ಲ.

ಬಾಂಬೆಯಿಂದ ಬರುತ್ತಿದ್ದವರನ್ನು ಅಪ್ಪ "ಸೈಂಟಿಸ್ಟ್ ಸಾರ್‌ಗಳು" ಅಂತಿದ್ದರು. ಗಣಿಯವರಿಗೆ ಮೊದಮೊದಲು ಅನುಮಾನ. ಇವರು ಚಿನ್ನ ಹುಡುಕೋ ಹೊಸ ಯಂತ್ರ ತಂದಿದ್ದಾರೆ, ನಮಗೆ ಹೇಳ್ತಿಲ್ಲ ಅಂತ. ಯಾಕಂದ್ರೆ ಚಿನ್ನ ಬೇಡದೆ ಅಲ್ಲಿಗೆ ಇಳಿಯೋ ಮನುಷ್ಯನನ್ನ ಅವರು ನೋಡೇ ಇರಲಿಲ್ಲ.

ಲೆಕ್ಕದ_ಮೇಡಂ · 10:38

ಅಣ್ಣ, ಆ ಕೊನೇ ಸಾಲು ಮೇಷ್ಟ್ರ ಭಾಷಣಕ್ಕೆ ಹೋಗಲೇಬೇಕು.

ರೇಡಿಯೋ_ರಾಘು · 10:50

ಶ್ರೀಕಂಠನ್ ಅವರು ಮೊದಲ ಸಲ ಗಣಿಗೆ ಇಳಿದಿದ್ದು 1951ರಲ್ಲಿ. ಭಾಭಾ ಕಳಿಸಿದ್ದು. ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಯಾನ್ ಬರುತ್ತೆ ಅಂತ ಎಣಿಸೋದೇ ಕೆಲಸ. ಗಮನಿಸಿ, ಇವರು ಎಂ.ಎಸ್ಸಿ.ಯಲ್ಲಿ ಓದಿದ್ದು ವೈರ್‌ಲೆಸ್. ನಮ್ಮ ಜಾತಿಯವರು, ಅಂದರೆ ಸೋಲ್ಡರಿಂಗ್ ಐರನ್ ಜಾತಿ. ಆಗ ರೆಡಿಮೇಡ್ ಸರ್ಕ್ಯೂಟ್ ಎಲ್ಲಿ ಸಿಗಬೇಕು? ವಾಲ್ವ್ ಕಾಲ. ಸಿದ್ಧಾಂತ ಬರೆಯೋರಿಗೆ ಪೆನ್ನು ಸಾಕು. ಪ್ರಯೋಗ ಮಾಡೋನಿಗೆ ವೈರು, ಗ್ಯಾಸು, ಬೀಗದ ಕೈ, ಲಾರಿ ಡ್ರೈವರು, ಎಲ್ಲಾ ಬೇಕು.

ಪೋಸ್ಟ್‌ಡಾಕ್_ಪರದಾಟ · 11:26

ಮೇಷ್ಟ್ರೇ, ನಿಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನೇ ನನಗೆ ಪ್ರತಿ ದೀಪಾವಳಿಗೆ ನಮ್ಮ ಸೋದರಮಾವ ಕೇಳ್ತಾರೆ. "ಏನಪ್ಪಾ, ಈ ವರ್ಷ ಏನಾದ್ರೂ ಕಂಡುಹಿಡಿದ್ಯಾ?"

ನಾನೂ ಇದೇ ಫೀಲ್ಡು. ಪಿಎಚ್‌ಡಿ ಆರೂವರೆ ವರ್ಷ. ಅದರಲ್ಲಿ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಕಣ ಹಿಡಿಯೋ ಯಂತ್ರದಲ್ಲಿ ಗ್ಯಾಸ್ ಸೋರಿಕೆ ಹುಡುಕೋದು. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡೋದು. ಪಂಕ್ಚರ್ ಅಂಗಡಿಯವನು ಮಾಡ್ತಾನಲ್ಲ, ಅದೇ. ಅವನಿಗೆ ಸಂಜೆಗೆ ದುಡ್ಡು ಸಿಗುತ್ತೆ. ಈಗ ಮೂರನೇ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸ), ಮೂರನೇ ದೇಶ. ಒಂದು ಸಂಸ್ಥೆಯಲ್ಲಿ ಇಂಟರ್‌ವ್ಯೂಗೆ ಹೋಗಿದ್ದೆ, ಹೆಸರು ಬೇಡ. "ಇಷ್ಟು ಪೇಪರಿನಲ್ಲಿ ನಿಮ್ಮದು ಅಂತ ಏನಿದೆ?" ಅಂದರು. 2015ರಲ್ಲಿ ಹಿಗ್ಸ್ ಕಣದ ತೂಕದ ಪೇಪರ್ ಬಂತಲ್ಲ, 5154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರೇ. ಅಂಥಾ ಪಟ್ಟಿಯ ಮಧ್ಯೆ ನಾನು ಎಲ್ಲಿ ಬೆರಳಿಟ್ಟು ತೋರಿಸಲಿ? ನನ್ನ ಗುಳ್ಳೆ ಯಾವ ಪುಟದಲ್ಲಿದೆ ಅಂತ ಹೇಳಲಿ?

11 ಹೆಸರಿನ ಕಾಲದಲ್ಲಿ ಹುಟ್ಟಬೇಕಿತ್ತು.

ಕಟ್ಟೆ_ಪುರಾಣ · 11:30

ಮದುವೆ ಇನ್ವಿಟೇಶನ್‌ನಲ್ಲಿ "ಸುಖಾಗಮನ ಬಯಸುವವರು" ಪಟ್ಟಿ ಇದ್ದ ಹಾಗೆ.

ಕಾಸು_ಯಾರಪ್ಪಂದು · ಸೋಮವಾರ ಬೆಳಿಗ್ಗೆ 7:05

ಬೆಳಿಗ್ಗೆ ಬೆಳಿಗ್ಗೆ ಎಲ್ಲಾ ಓದಿದೆ. ಒಂದು ಮಾತು ನೇರವಾಗಿ ಕೇಳ್ತೀನಿ. ಇದರಿಂದ ಯಾರಿಗೆ ಏನು ಲಾಭ ಆಯ್ತು? ಗಣಿಯಲ್ಲಿ ಜನ ಸಾಯ್ತಿದ್ರು, ಪಕ್ಕದಲ್ಲಿ ಇವರು ಕಾಣದ ಕಣ ಎಣಿಸ್ತಿದ್ರು. ಆಮೇಲೆ ಪ್ರೊಟಾನ್ ಸಾಯುತ್ತೆ ಅಂತ ಕಾದು ಕೂತರಂತೆ, ಅದೂ ಸಾಯಲಿಲ್ಲ. ನಮ್ಮ ಟ್ಯಾಕ್ಸ್ ಕಾಸು.

ಜಿನೀವಾ_ಕನ್ನಡತಿ · 7:40

ಪ್ರೊಟಾನ್ ವಿಷಯ ಬಂದಿದ್ದು ಒಳ್ಳೇದಾಯ್ತು. ಅದನ್ನು ಅರ್ಧ ಹೇಳಿ ಬಿಡಬಾರದು.

ಪ್ರೊಟಾನ್ ಶಾಶ್ವತ ಅಲ್ಲ, ಎಂದಾದರೂ ಒಡೆಯುತ್ತೆ ಅಂತ 1970ರ ದಶಕದಲ್ಲಿ ಸಿದ್ಧಾಂತಿಗಳು ಹೇಳಿದರು. ಆಯಸ್ಸು 1ರ ಮುಂದೆ ಸುಮಾರು 30 ಸೊನ್ನೆ ಇಟ್ಟಷ್ಟು ವರ್ಷ. ಅಷ್ಟು ವರ್ಷ ಕಾಯೋಕಾಗಲ್ಲ. ಆದರೆ ಒಂದು ತೆಂಗಿನ ಮರದ ಕೆಳಗೆ ಕಾಯಿ ಬೀಳಲಿ ಅಂತ ಕೂರುವ ಬದಲು ಇಡೀ ತೋಟದ ಮಧ್ಯೆ ಕೂತರೆ? ಅದಕ್ಕೆ 1980ರಲ್ಲಿ ಕೋಲಾರದಲ್ಲಿ 140 ಟನ್ ಕಬ್ಬಿಣ ಜೋಡಿಸಿದರು. ಚೌಕದ ಕಬ್ಬಿಣದ ಪೈಪು, ಅಡ್ಡಕ್ಕೆ ಕೊಯ್ದರೆ 10 ಸೆಂಟಿಮೀಟರ್‌ಗೆ 10 ಸೆಂಟಿಮೀಟರ್. ಒಳಗೆ ಗ್ಯಾಸು, ನಡುವೆ ಒಂದು ಸಣ್ಣ ತಂತಿ. ಒಂದು ಸಾಲು ಉದ್ದಕ್ಕೆ, ಅದರ ಮೇಲೆ ಒಂದು ಸಾಲು ಅಡ್ಡಕ್ಕೆ, ಹೀಗೆ 34 ಸಾಲು, ಕಟ್ಟಿಗೆ ಒಟ್ಟಿದ ಹಾಗೆ. ಕಣ ಯಾವ ಯಾವ ಪೈಪಿನಲ್ಲಿ ತೂರಿತು ಅಂತ ನೋಡಿ ದಾರಿ ಗುರುತು ಹಾಕೋದು.

ಕೆಲವು ಘಟನೆ ಪ್ರೊಟಾನ್ ಒಡೆದ ಹಾಗೇ ಕಂಡವು. ಹಾಗೆ ಪ್ರಕಟಿಸಿದರು ಕೂಡ. ಆಮೇಲೆ ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೊಕಾ ಗಣಿಯಲ್ಲಿ ಇನ್ನೂ ದೊಡ್ಡ ನೀರಿನ ತೊಟ್ಟಿ ಕಟ್ಟಿ ನೋಡಿದರು, ಅಲ್ಲಿ ಸಿಗಲಿಲ್ಲ. ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ. ಈಗ ಆಯಸ್ಸು 34 ಸೊನ್ನೆಗಿಂತ ಜಾಸ್ತಿ ಅಂತ ಗೊತ್ತಿದೆ. ಕೋಲಾರದ್ದು ಬಹುಶಃ ನ್ಯೂಟ್ರಿನೊಗಳೇ ವೇಷ ಹಾಕಿಕೊಂಡು ಬಂದಿದ್ದು.

ಕಾಸು_ಯಾರಪ್ಪಂದು · 7:44

ಅಂದ್ರೆ ಸೋತರು. ನಾನು ಹೇಳಿದ್ದೂ ಅದನ್ನೇ.

ಜಿನೀವಾ_ಕನ್ನಡತಿ · 7:58

ಕಮಿಯೊಕಾದವರೂ ಅದೇ ಪ್ರೊಟಾನಿಗೆ ಕಾದು ಸೋತವರೇ ಸ್ವಾಮಿ. 1987ರ ಫೆಬ್ರವರಿ 23ಕ್ಕೆ, ಪಕ್ಕದ ಗ್ಯಾಲಕ್ಸಿಯಲ್ಲಿ ಸಿಡಿದ ಒಂದು ನಕ್ಷತ್ರದ ನ್ಯೂಟ್ರಿನೊಗಳು ಇಲ್ಲಿಗೆ ಬಂದು ತಲುಪಿದವು. ಅವರ 3000 ಟನ್ ನೀರಿನಲ್ಲಿ 13 ಸೆಕೆಂಡಿನಲ್ಲಿ 11 ನ್ಯೂಟ್ರಿನೊ. ಅದರ ಮುಖ್ಯಸ್ಥ ಕೊಶಿಬಾ ನಿವೃತ್ತಿಗೆ ಒಂದು ತಿಂಗಳು ಬಾಕಿ ಇತ್ತು! 2002ರಲ್ಲಿ ನೊಬೆಲ್ ಬಂತು. ಬಲೆ ಹಾಕಿದ್ದು ಒಂದು ಮೀನಿಗೆ, ಬಿದ್ದಿದ್ದು ಇನ್ನೊಂದು.

ಕಟ್ಟೆ_ಪುರಾಣ · 8:02

ಮತ್ತೆ ಫೆಬ್ರವರಿ 23! ಆಫ್ರಿಕಾದ್ದೂ ಅದೇ ದಿನ ಅಲ್ವಾ. ಮೇಷ್ಟ್ರೇ, ಕಾರ್ಯಕ್ರಮ ಐದು ದಿನ ಹಿಂದಕ್ಕೆ ಹಾಕಿ.

ಚಾಂಪಿಯನ್‌ರೀಫ್_ಹುಡುಗ · 8:20

ಕಾಸು ಸಾರ್, ಗಣಿಯಲ್ಲಿ ಜನ ಸಾಯ್ತಿದ್ರು ಅಂದ್ರಲ್ಲ. ನಮ್ಮ ದೊಡ್ಡಪ್ಪ ಒಬ್ಬರು ಅದರಲ್ಲಿ. ಅವರು ಸತ್ತಿದ್ದು ಚಿನ್ನಕ್ಕೆ. ಕಣ ಎಣಿಸೋರಿಂದ ಅಲ್ಲ. ಈ ಎರಡನ್ನ ಒಂದೇ ಬುಟ್ಟಿಗೆ ಹಾಕಬೇಡಿ.

ಲಾಭ ಕೇಳಿದ್ರಿ. ಚಿನ್ನದಿಂದ ನಮ್ಮೂರಿಗೆ ಏನು ಉಳೀತು ಗೊತ್ತಾ? ಸೈನೈಡ್ ಮಣ್ಣಿನ ಗುಡ್ಡ. ಗಾಳಿ ಬೀಸಿದರೆ ಇವತ್ತಿಗೂ ಒಣಗೋಕೆ ಹಾಕಿದ ಬಟ್ಟೆ ಮೇಲೆ ಬಂದು ಕೂರುತ್ತೆ. 2001ರಲ್ಲಿ ಗಣಿ ಮುಚ್ಚಿದರು, ಕೆಳಗೆಲ್ಲಾ ನೀರು ತುಂಬಿತು. ಈಗ ಬೆಳಗಾಗೆದ್ದು ಬೆಂಗಳೂರು ರೈಲು ಹಿಡಿಯೋದೇ ನಮ್ಮ ಹುಡುಗರ ಕೆಲಸ. ಆದ್ರೆ ಪ್ರಪಂಚದ ಭೌತಶಾಸ್ತ್ರದ ಪುಸ್ತಕದಲ್ಲಿ ಕೋಲಾರ ಅನ್ನೋ ಹೆಸರಿದೆಯಲ್ಲ, ಅದನ್ನ ಬರೆಸಿದ್ದು ಆ ಸೈಂಟಿಸ್ಟ್ ಸಾರ್‌ಗಳು.

ಕಾಸು_ಯಾರಪ್ಪಂದು · 8:31

ನಿಮ್ಮ ದೊಡ್ಡಪ್ಪನ ವಿಷಯ ಗೊತ್ತಿರಲಿಲ್ಲ, ಕ್ಷಮೆ ಇರಲಿ ಅಣ್ಣ. ದುಡ್ಡಿನ ಪ್ರಶ್ನೆ ಮಾತ್ರ ವಾಪಸ್ ತಗೊಳ್ಳಲ್ಲ.

ರೇಡಿಯೋ_ರಾಘು · 9:15

ದುಡ್ಡಿನ ಪ್ರಶ್ನೆಗೆ ಒಂದು ಒಳ್ಳೆ ಉತ್ತರ ಇದೆ. ಆ ಕಬ್ಬಿಣದ ಪೈಪುಗಳು ಏನಾದವು ಗೊತ್ತಾ? ಗುಜರಿಗೆ ಹೋಗಲಿಲ್ಲ. ಊಟಿಗೆ ಹೋದವು. ಅಲ್ಲಿ ಟಿಐಎಫ್‌ಆರ್‌ನ ಕಾಸ್ಮಿಕ್ ಕಿರಣದ ಕೇಂದ್ರದಲ್ಲಿ ಗ್ರೇಪ್ಸ್-3 ಅಂತ ಪ್ರಯೋಗ ನಡೀತಿದೆ. ಅದರ ಮ್ಯೂಯಾನ್ ದೂರದರ್ಶಕಕ್ಕೆ ಕೋಲಾರದ ಪೈಪುಗಳನ್ನು ಬಳಸಿಕೊಂಡರು. ಆ ದೂರದರ್ಶಕದಲ್ಲಿ ಒಟ್ಟು 3712 ಪೈಪು, ಒಂದೊಂದೂ 6 ಮೀಟರ್ ಉದ್ದ. ಮೇಲೆ ಕಾಂಕ್ರೀಟ್ ಹೇರಿದ್ದಾರೆ, ಬಂಡೆಯ ಬದಲಿಗೆ.

2014ರ ಡಿಸೆಂಬರ್ 1ಕ್ಕೆ ಒಂದು ಗುಡುಗಿನ ಮೋಡ ಅದರ ಮೇಲೆ ಹಾದು ಹೋಯಿತು. ಮ್ಯೂಯಾನ್‌ಗಳು ಕಮ್ಮಿಯಾದವು. ಎಷ್ಟು ಕಮ್ಮಿ ಅಂತ ಲೆಕ್ಕ ಹಾಕಿ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ತೋರಿಸಿದರು. 2019ರಲ್ಲಿ ಪ್ರಕಟವಾಯಿತು. ಪ್ರೊಟಾನ್ ಹಿಡಿಯೋಕೆ ಕಟ್ಟಿದ ಪೈಪು ಮಳೆಮೋಡಕ್ಕೆ ಮೀಟರ್ ಹಾಕಿತು! ನಮ್ಮ ಮನೆಯಲ್ಲಿ ಹಳೇ ಟಿವಿ ಡಬ್ಬ ಬಿಸಾಕಬೇಡ ಅಂದ್ರೆ ಹೆಂಡತಿ ಬೈತಾಳೆ. ಈ ಪೋಸ್ಟ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ.

ಸುಮ್ನೆ_ಓದುಗ · 9:19

ಅಕ್ಕ ಬಿಸಾಕೋದು ಟಿವಿ ಡಬ್ಬ ಅಲ್ಲ, ಜೊತೆಗೆ ಇನ್ನೂ ಒಂದು ಇದೆ ಅನ್ಸುತ್ತೆ 😀

ಮಲ್ನಾಡ್_ಮಳೆ · 10:02

ದೊಡ್ಡ ಜಾಗ, ದೊಡ್ಡ ಯಂತ್ರ ಅಂತೀರಲ್ಲ, ತಮಿಳುನಾಡಿನ ಥೇಣಿಯಲ್ಲಿ ನ್ಯೂಟ್ರಿನೊ ಕೇಂದ್ರ ಮಾಡ್ತೀವಿ ಅಂತ 2015ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು ಏನಾಯ್ತು? ಬೆಟ್ಟ ಕೊರೆಯೋದು ಅಂದ್ರೆ ಅಲ್ಲಿನ ಜನ, ಕಾಡು, ನೀರು ಯಾರು ಕೇಳ್ತಾರೆ? ಪಶ್ಚಿಮ ಘಟ್ಟ ಸ್ವಾಮಿ ಅದು.

ಪೋಸ್ಟ್‌ಡಾಕ್_ಪರದಾಟ · 10:20

ನ್ಯೂಟ್ರಿನೊದಿಂದ ವಿಕಿರಣ ಬರುತ್ತೆ ಅಂತ ಹೆದರಿಸಿದವರೂ ಇದ್ದರು, ಅದು ಸುಳ್ಳು. ಈಗಲೂ ನಿಮ್ಮ ದೇಹದಲ್ಲಿ ಹಾದು ಹೋಗ್ತಾನೇ ಇವೆ. ಕಾಡಿನ ಪ್ರಶ್ನೆ ಮಾತ್ರ ಸುಳ್ಳಲ್ಲ, ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕಿತ್ತು. ತಮಿಳುನಾಡು ಸರ್ಕಾರ ಬೇಡ ಅಂತು, ಕೆಲಸ ನಿಂತಿತು. ಕೋಲಾರದಲ್ಲಿ ಗಣಿ ಮೊದಲೇ ಇತ್ತು. ಇವರು ಬೆಟ್ಟ ಕೊರೆಯಲಿಲ್ಲ, ಇದ್ದ ಬಾವಿಗೆ ಇಳಿದರು. ಅದು ಮುಚ್ಚಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿ.

ಮಲ್ನಾಡ್_ಮಳೆ · 10:24

ಇದ್ದ ಬಾವಿ ಅನ್ನೋದು ಒಪ್ಪಿದೆ.

ಲೆಕ್ಕದ_ಮೇಡಂ · 10:45

ಥೇಣಿಗೆ ಬೇರೆ ಎಳೆ ಶುರು ಮಾಡಿ. ಮೇಷ್ಟ್ರ ಪ್ರಶ್ನೆ ಇನ್ನೂ ಹಾಗೇ ಇದೆ.

ಕ್ಲಾಸಿನಲ್ಲಿ ಹುಡುಗಿಯರಿದ್ದಾರಲ್ಲ, ಜೊತೆಗೆ ಬಿಭಾ ಚೌಧುರಿ ಅವರ ಹೆಸರನ್ನೂ ಹೇಳಿ ಮೇಷ್ಟ್ರೇ. 1913ರಲ್ಲಿ ಹುಟ್ಟಿದವರು. ಭೌತವಿಜ್ಞಾನಿ ಡಿ.ಎಂ. ಬೋಸ್ ಜೊತೆ ಫೋಟೊ ಪ್ಲೇಟುಗಳನ್ನು ಡಾರ್ಜಿಲಿಂಗ್ ಕಡೆಯ ಬೆಟ್ಟಗಳ ಮೇಲೆ ತಿಂಗಳುಗಟ್ಟಲೆ ಇಟ್ಟು, ಅದರಲ್ಲಿ ಮೂಡಿದ ಗೆರೆಗಳಿಂದ ಕಣದ ತೂಕ ಲೆಕ್ಕ ಹಾಕಿದವರು. ಯುದ್ಧದ ಕಾಲ, ಒಳ್ಳೆ ಪ್ಲೇಟು ಸಿಗಲಿಲ್ಲ. ಅದೇ ಥರದ ಕೆಲಸವನ್ನು ಇಂಗ್ಲೆಂಡಿನಲ್ಲಿ ಒಳ್ಳೆ ಪ್ಲೇಟಿನಲ್ಲಿ ಮಾಡಿದ ಪೊವೆಲ್‌ಗೆ 1950ರಲ್ಲಿ ನೊಬೆಲ್ ಬಂತು. ಬಿಭಾ 1949ರಲ್ಲಿ ಟಿಐಎಫ್‌ಆರ್ ಸೇರಿದರು, ಅಂದರೆ ಶ್ರೀಕಂಠನ್ ಅವರ ಸಹೋದ್ಯೋಗಿ. ಈಗ ಆಕಾಶದಲ್ಲಿ ಒಂದು ನಕ್ಷತ್ರಕ್ಕೆ 'ಬಿಭಾ' ಅಂತ ಹೆಸರಿದೆ.

ದಡ್ಡ_ಪ್ರಶ್ನೆ · 11:10

ಇನ್ನೊಂದು ದಡ್ಡ ಪ್ರಶ್ನೆ. ಶ್ರೀಕಂಠನ್ ಜೀವನಪೂರ್ತಿ ಇದೊಂದೇ ಮಾಡಿದ್ರಾ?

ಜಿನೀವಾ_ಕನ್ನಡತಿ · 11:32

ಇಲ್ಲ. ಅದಕ್ಕೇ ಒಂದು ಸಾಲಿನಲ್ಲಿ ಹಿಡಿಯೋಕಾಗಲ್ಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿಗೆ ಹೋಗಿ ಬ್ರೂನೊ ರೊಸ್ಸಿ ಗುಂಪಿನ ಜೊತೆ ಎಕ್ಸ್-ರೇ ಖಗೋಳದ ಕೆಲಸ ಮಾಡಿದರು. ವೃಶ್ಚಿಕ ರಾಶಿಯಲ್ಲಿ ಸ್ಕಾರ್ಪಿಯಸ್ ಎಕ್ಸ್-1 ಅಂತ ಎಕ್ಸ್-ರೇ ಸೂಸುವ ಒಂದು ಮೂಲ ಇದೆ. ಅದು ಆಕಾಶದಲ್ಲಿ ಸರಿಯಾಗಿ ಎಲ್ಲಿದೆ ಅಂತ ರಾಕೆಟ್ ಹಾರಿಸಿ ಅಳೆದ 1966ರ ಪೇಪರಿನಲ್ಲಿ ಅವರ ಹೆಸರಿದೆ. ಊಟಿಯಲ್ಲಿ ಗಾಳಿಮಳೆ ಅಂತ ಕರೆಯುವ ಕಣಗಳ ಸುರಿಮಳೆ ಅಳೆಯುವ ಕೆಲಸ. ನಿವೃತ್ತಿ ಆದ ಮೇಲೆ ಬೆಂಗಳೂರಿಗೆ ಬಂದು ಐಐಎಸ್‌ಸಿ ಆವರಣದಲ್ಲಿರುವ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ಸೇರಿದರು. ಅಲ್ಲಿ ಹಿಡಿದಿದ್ದು ಏನು ಗೊತ್ತಾ? ಪ್ರಜ್ಞೆ ಅಂದರೇನು ಅನ್ನುವ ಪ್ರಶ್ನೆ. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 94 ವರ್ಷ.

ಗಣಿಯ ತಳದಿಂದ ನಕ್ಷತ್ರದ ತನಕ, ಆಮೇಲೆ ತಲೆಯೊಳಕ್ಕೆ.

ಪೋಸ್ಟ್‌ಡಾಕ್_ಪರದಾಟ · 11:50

ಮೇಷ್ಟ್ರೇ, ನನ್ನ ಸಲಹೆ ಬೇರೆ. ಕಂಡುಹಿಡಿದಿದ್ದು ಹೇಳಬೇಡಿ, ಕಾಣದೇ ಇದ್ದಿದ್ದು ಹೇಳಿ.

1951ರಿಂದ ಹತ್ತು ವರ್ಷ ಈ ಗುಂಪು ಮಾಡಿದ್ದು ಆಳ ಆಳಕ್ಕೆ ಹೋಗಿ ಮ್ಯೂಯಾನ್ ಎಣಿಸಿದ್ದು. ಇಳಿದ ಹಾಗೆ ಎಣಿಕೆ ಕಮ್ಮಿ. 1960ರ ದಶಕದ ಶುರುವಿನಲ್ಲಿ ಒಸಾಕಾದ ಮಿಯಾಕೆ, ಟಿಐಎಫ್‌ಆರ್‌ನ ನರಸಿಂಹನ್, ರಮಣಮೂರ್ತಿ ಮೂವರೂ ಅತ್ಯಂತ ಕೆಳಗಿನ ಜಾಗದಲ್ಲಿ ಯಂತ್ರ ಇಟ್ಟರು. ಸುಮಾರು 60 ದಿನ. ಎಷ್ಟು ಸಿಕ್ಕಿತು? ಸೊನ್ನೆ. ಒಂದೂ ಇಲ್ಲ.

ನನಗೆ ಆಗಿದ್ದರೆ ಅಳು ಬರ್ತಿತ್ತು. ಮೊದಲು ಯಂತ್ರ ಕೆಟ್ಟಿದೆ ಅಂದುಕೊಳ್ತಿದ್ದೆ, ಆಮೇಲೆ ಗೈಡ್ ಮುಖ ನೆನೆಸಿಕೊಳ್ತಿದ್ದೆ. ಆದರೆ ಮೆನನ್, ರಮಣಮೂರ್ತಿ, ಶ್ರೀಕಂಠನ್, ಮಿಯಾಕೆ ಆ ಸೊನ್ನೆಯನ್ನು ನೋಡಿ ಏನು ಅಂದರು? ಇಲ್ಲಿ ಇಷ್ಟು ನಿಶ್ಶಬ್ದ ಇದ್ದರೆ ನ್ಯೂಟ್ರಿನೊ ಕೇಳಿಸುತ್ತೆ ಅಂದರು. 1963ರಲ್ಲಿ ಹಾಗೆ ಬರೆದರು, 1965ರಲ್ಲಿ ಕೇಳಿಸಿತು. ಆ ಸೊನ್ನೆ ಸಿಗದಿದ್ದರೆ ಮುಂದಿನದು ಯಾವುದೂ ಇಲ್ಲ.

ನಮ್ಮ ಮಾವನಿಗೆ ಇದನ್ನು ಹೇಳೋ ಧೈರ್ಯ ನನಗೆ ಇನ್ನೂ ಬಂದಿಲ್ಲ. ನೀವು ಮಕ್ಕಳಿಗೆ ಹೇಳಿ ನೋಡಿ.

ಕಾಸು_ಯಾರಪ್ಪಂದು · 11:58

60 ದಿನಕ್ಕೆ ಸೊನ್ನೆ! ನಮ್ಮ ಆಫೀಸಿನಲ್ಲಿ ಮೂವತ್ತು ವರ್ಷದಿಂದ ಅದೇ ನಡೀತಿದೆ, ಯಾರೂ ಪ್ರಶಸ್ತಿ ಕೊಟ್ಟಿಲ್ಲ.

(ತಮಾಷೆಗೆ ಅಂದೆ. ಇದು ಚೆನ್ನಾಗಿದೆ, ಒಪ್ಪಿದೆ.)

ರೇಡಿಯೋ_ರಾಘು · 12:10

ಯಂತ್ರ ಹೇಗಿತ್ತು ಅಂತಲೂ ಸೇರಿಸಿ. ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆ, ಅಂದರೆ ಕಣ ಹಾದರೆ ಮಿಣಕ್ ಅನ್ನೋ ಪ್ಲಾಸ್ಟಿಕ್. ನಡುವೆ ಸಾಲುಸಾಲು ನಿಯಾನ್ ಗಾಜಿನ ಕೊಳವೆ, ಡರ್ಹಮ್‌ನವರು ತಂದಿದ್ದು. ಕಣ ತೂರಿದ ಕೂಡಲೇ ಹೈ ವೋಲ್ಟೇಜ್ ಕೊಟ್ಟರೆ ಅದರ ದಾರಿಯಲ್ಲಿದ್ದ ಕೊಳವೆಗಳು ಮಾತ್ರ ಕೆಂಪಗೆ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಫೋಟೊ ತೆಗೆಯುತ್ತೆ. ನ್ಯೂಟ್ರಿನೊ ಅಂದರೆ ಕೊನೆಗೆ ಫಿಲ್ಮಿನ ಮೇಲೆ ಒಂದು ಸಾಲು ಚುಕ್ಕಿ. ರಂಗೋಲಿ ಚುಕ್ಕಿ ಸೇರಿಸಿದ ಹಾಗೆ ಗೆರೆ ಎಳೆದರೆ, ಅಡ್ಡ ಗೆರೆ!

ನಂಜನಗೂಡು_ಮೇಷ್ಟ್ರು · ಮಾರ್ಚ್ 1, ಸಂಜೆ 6:40

ಎಲ್ಲರಿಗೂ ಧನ್ಯವಾದ. ನಿನ್ನೆ ಕಾರ್ಯಕ್ರಮ ಆಯಿತು.

ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಸೊನ್ನೆ ಬರೆದೆ. "ಕಂಡುಹಿಡಿದಿದ್ದು ಏನು ಅಂತ ಕೇಳಿದ್ದೆಯಲ್ಲಮ್ಮ, ಇಲ್ಲಿಂದ ಶುರು" ಅಂದೆ. ಜಗಲಿ ಕಥೆ ಹೇಳಿದೆ, ಚುಕ್ಕಿ ಇಟ್ಟು ಅಡ್ಡ ಗೆರೆ ಎಳೆದೆ. ಹೆಡ್‌ಮಾಸ್ಟರ್‌ಗೆ ಸೊನ್ನೆ ಅಷ್ಟು ಇಷ್ಟ ಆದ ಹಾಗೆ ಕಾಣಲಿಲ್ಲ. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ ಮತ್ತೆ ಕೈ ಎತ್ತಿದಳು.

"ಸರ್, ಆ 60 ದಿನ ಅವರಿಗೆ ಕೆಳಗೆ ಊಟ ಯಾರು ಕೊಡುತ್ತಿದ್ದರು?"

ಚಾಂಪಿಯನ್‌ರೀಫ್ ಅಣ್ಣ, ಇದು ನಿಮಗೇ ಬಿಟ್ಟಿದ್ದು.

ಚಾಂಪಿಯನ್‌ರೀಫ್_ಹುಡುಗ · ರಾತ್ರಿ 9:15

ಮೇಷ್ಟ್ರೇ, ಆ 60 ದಿನದ ಲೆಕ್ಕ ನನಗೆ ಗೊತ್ತಿಲ್ಲ, ನಾನಿನ್ನೂ ಹುಟ್ಟಿರಲಿಲ್ಲ. ಆಮೇಲಿನದು ಹೇಳ್ತೀನಿ.

ಕೆಳಗೆ ಯಾರೂ ಮಲಗುತ್ತಿರಲಿಲ್ಲ. ಶಿಫ್ಟಿಗೆ ಕೇಜಿನಲ್ಲಿ ಇಳಿದು ಶಿಫ್ಟಿಗೆ ಹತ್ತಿ ಬರೋದು, ಎಲ್ಲರಿಗೂ ಅದೇ. ಊಟ ಅವರವರ ಕ್ಯಾರಿಯರ್. ಅಮ್ಮ ಅಪ್ಪನಿಗೆ ಹುಳಿ ಅನ್ನ, ಒಂದು ಈರುಳ್ಳಿ ಕಟ್ಟುತ್ತಿದ್ದಳು. ಕೆಳಗಿನ ಸೆಖೆಗೆ ಬೇರೆ ಏನು ಕಟ್ಟಿದರೂ ಹಳಸುತ್ತಿತ್ತು. ಒಂದು ಸಲ ಬಾಂಬೆಯ ಹುಡುಗ ಒಬ್ಬ, ಹೊಸಬ, ಮೊಸರನ್ನ ತಂದಿದ್ದನಂತೆ. ಮಧ್ಯಾಹ್ನ ಮುಚ್ಚಳ ತೆಗೆದರೆ ವಾಸನೆ. ಅಪ್ಪ ತನ್ನ ಹುಳಿ ಅನ್ನದಲ್ಲಿ ಅರ್ಧ ಕೊಟ್ಟರು. ಮಾರನೇ ದಿನದಿಂದ ಅಮ್ಮ ಎರಡು ಈರುಳ್ಳಿ ಕಟ್ಟಿದಳು.

ಸುಮ್ನೆ_ಓದುಗ · 9:18

ಮೇಷ್ಟ್ರೇ, ಆ ಹುಡುಗಿಗೆ ಒಂದು ಚಿಪ್ಪು ರಸಬಾಳೆ ನನ್ನ ಲೆಕ್ಕದಲ್ಲಿ ಕೊಡಿಸಿ. ದುಡ್ಡು ಕಳಿಸ್ತೀನಿ.

ನಂಜನಗೂಡು_ಮೇಷ್ಟ್ರು · 9:25

ದುಡ್ಡು ಇರಲಿ ಸ್ವಾಮಿ, ಮೊದಲು ಅಸಲಿ ರಸಬಾಳೆ ಎಲ್ಲಿ ಸಿಗುತ್ತೆ ಅಂತ ಹೇಳಿ. ಅದು ನ್ಯೂಟ್ರಿನೊಗಿಂತ ಅಪರೂಪ ಆಗಿದೆ ಇಲ್ಲಿ.